ನಡುಮಟ್ಟದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡವನ್ನು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹಿಂಬಾಲಿಸುವುದು ಹೇಗೆ?

"ನಮ್ಮ ತಂಡ ಇಪ್ಪತ್ತಕ್ಕೂ ಹೆಚ್ಚು ಪಂದ್ಯ ಗೆದ್ದಿದೆ, ಆದರೂ ಎನ್‌ಸಿಎಎ ಟೂರ್ನಿಗೆ ಯಾಕೆ ಕರೆಯಲಿಲ್ಲ?" ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವ ನಮ್ಮವರು ಪ್ರತಿ ಮಾರ್ಚ್‌ನಲ್ಲೂ, ಅಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಟೂರ್ನಿಯ ಹೊತ್ತಿಗೆ, ಕೇಳುವ ಪ್ರಶ್ನೆ ಇದು. ಫೆಬ್ರವರಿಯಲ್ಲಿ ನೋಡಲು ಕೂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಡ್ಯೂಕ್, ಕಾನ್ಸಸ್‌ನಂಥ ದೊಡ್ಡವರಿಗೆ ನವೆಂಬರ್‌ನ ಸೋಲು ಒಂದು ಗೀರು, ಅಷ್ಟೆ. ನಡುಮಟ್ಟದ ತಂಡದ ಹಣೆಬರಹ ಮಾತ್ರ ಮುಕ್ಕಾಲು ಭಾಗ ಆಗಲೇ ಬರೆದಾಗಿರುತ್ತದೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಓಹಾಯೋದ ಡೇಟನ್ ವಿಶ್ವವಿದ್ಯಾಲಯದ ಪುರುಷರ ತಂಡ, ಡೇಟನ್ ಫ್ಲೈಯರ್ಸ್. ಆಡುವುದು ಅಟ್ಲಾಂಟಿಕ್ 10 ಲೀಗ್‌ನಲ್ಲಿ. ಎಲ್ಲರೂ ಎ-10 ಅನ್ನುತ್ತಾರೆ. 13,407 ಆಸನದ ತವರು ಅಂಗಳವಿರುವ ಈ ತಂಡದ ಅಭಿಮಾನಿಗಳಿಗೆ 'ಮಿಡ್‌ ಮೇಜರ್' (ನಡುಮಟ್ಟದ ತಂಡ) ಎಂದರೆ ಮುಖ ಗಂಟಾಗುತ್ತದೆ. ಆದರೂ ಶ್ರೀಮಂತ ಲೀಗ್‌ಗಳ ಹೊರಗಿರುವುದರಿಂದ ಲೆಕ್ಕ ಅದೇ.

## ಬೇಕಾದ ಸಾಮಾನು

- ಎರಡು ಸಮಯ ವಲಯ ತೋರಿಸುವ ಫೋನ್ ಕ್ಯಾಲೆಂಡರ್.
- ಆಟಗಾರರ ಪಟ್ಟಿಗೊಂದು, ಪಂದ್ಯಗಳಿಗೊಂದು ಹಾಳೆಯಿರುವ ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್.
- ಅಂಕಿಅಂಶದ ಒಂದು ತಾಣ. ಕೆನ್‌ಪಾಮ್‌ಗೆ ಚಂದಾ ಬೇಕು, ಬಾರ್ಟ್ ಟೊರ್ವಿಕ್ ಉಚಿತ. ಮೊದಲ ವರ್ಷಕ್ಕೆ ಉಚಿತದ್ದೇ ಸಾಕು.
- ತಂಡದ ರೇಡಿಯೋ ಪ್ರಸಾರದ ವಿಳಾಸ. ಡೇಟನ್‌ಗೆ ಅದು ಡಬ್ಲ್ಯುಎಚ್‌ಐಒ.

ರೇಡಿಯೋ ಯಾಕೆಂದರೆ, ಈ ಮಟ್ಟದ ತಂಡದ ಪಂದ್ಯಗಳು ಒಂದೇ ಚಾನೆಲ್‌ನಲ್ಲಿ ಬರುವುದಿಲ್ಲ. ಒಂದು ಇಎಸ್‌ಪಿಎನ್‌ನ ಸ್ಟ್ರೀಮಿಂಗ್‌ನಲ್ಲಿ, ಮತ್ತೊಂದು ಸಿಬಿಎಸ್ ಸ್ಪೋರ್ಟ್ಸ್ ನೆಟ್‌ವರ್ಕ್‌ನಲ್ಲಿ ಎಂದು ಹಂಚಿಹೋಗಿರುತ್ತವೆ. ವಾರ್ಷಿಕ ಚಂದಾ ಕಟ್ಟುವ ಮೊದಲು ವೇಳಾಪಟ್ಟಿ ತೆರೆದು, ಯಾವ ಚಾನೆಲ್‌ಗೆ ಎಷ್ಟು ಪಂದ್ಯ ಎಂದು ಎಣಿಸಿ.

## ಹಂತ 1: ಲೀಗ್‌ನ ಜಾತಕ ಮೊದಲು, ತಂಡ ಆಮೇಲೆ

ತಂಡ ಹಿಡಿಯುವ ಕಾರಣ ಏನಾದರೂ ಇರಲಿ: ಮಗಳು ಅಲ್ಲಿ ಓದುತ್ತಿರಬಹುದು, ಕೆಲಸದ ಊರು ಅದೇ ಇರಬಹುದು. ಆದರೆ ಅದರ ಲೀಗ್‌ನಿಂದ ಸಾಮಾನ್ಯವಾಗಿ ಎಷ್ಟು ತಂಡಗಳು ಎನ್‌ಸಿಎಎ ಟೂರ್ನಿಗೆ ಹೋಗುತ್ತವೆ ಎಂದು ನೋಡಿಕೊಳ್ಳದೆ ಮುಂದಿನ ಯಾವ ಹಂತವೂ ಅರ್ಥವಾಗುವುದಿಲ್ಲ.

ಪ್ರತಿ ಲೀಗ್ ಋತುವಿನ ಕೊನೆಗೆ ತನ್ನದೇ ಟೂರ್ನಿ ನಡೆಸುತ್ತದೆ. ಅದನ್ನು ಗೆದ್ದ ಚಾಂಪಿಯನ್‌ಗೆ ನೇರ ಪ್ರವೇಶವಿದೆ. ಉಳಿದ ಜಾಗಗಳನ್ನು ಆಯ್ಕೆ ಸಮಿತಿ ತುಂಬುತ್ತದೆ. 2025ರ ಟೂರ್ನಿಯ 68 ತಂಡಗಳಲ್ಲಿ 31 ನೇರವಾಗಿ ಬಂದವು, 37 ಸಮಿತಿಯ ಆಯ್ಕೆ. ಸಣ್ಣ ಲೀಗ್‌ಗಳಿಗೆ ಸಿಗುವುದು ಆ ಒಂದೇ ನೇರ ಟಿಕೆಟ್. ಅಂಥ ಲೀಗ್ ನಿಮ್ಮದಾದರೆ ಹಂತ 4ರ ಲೆಕ್ಕಾಚಾರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಾರ್ಚ್‌ನ ಮೂರು ನಾಲ್ಕು ದಿನವೇ ಎಲ್ಲ. ಎ-10 ನಡುವಿನದು. ಚಾಂಪಿಯನ್ ಆಗದೆಯೂ ಹೋಗುವ ದಾರಿ ಇದೆ, ಆದರೆ ಓಣಿ ಬಲು ಇಕ್ಕಟ್ಟು.

ಮೊದಲ ವರ್ಷ ಎರಡು ತಂಡ ಹಿಡಿಯಬೇಡಿ. ಒಂದು ತಂಡ ಎಂದರೆ ಮೂವತ್ತಕ್ಕೂ ಹೆಚ್ಚು ಪಂದ್ಯ.

## ಹಂತ 2: ಅಕ್ಟೋಬರ್‌ನಲ್ಲಿ ಆಟಗಾರರ ಹಾಳೆ

ಹಿಂದೆ ಒಬ್ಬ ಹುಡುಗ ನಾಲ್ಕು ವರ್ಷ ಅದೇ ಅಂಗಿಯಲ್ಲಿ ಕಾಣುತ್ತಿದ್ದ. ಈಗ ಕಾಲೇಜು ಬದಲಿಸಬಯಸುವವರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬೇರೆ ಕಾಲೇಜಿಗೆ ಹೋಗುವುದು ಸುಲಭ, ಹಾಗಾಗಿ ಕಳೆದ ವರ್ಷ ಮೆಚ್ಚಿದ ಮೂವರಲ್ಲಿ ಇಬ್ಬರು ಇರಲಿಕ್ಕಿಲ್ಲ. ಹೆಸರು ಗೊತ್ತಿಲ್ಲದೆ ಮೊದಲ ಪಂದ್ಯಕ್ಕೆ ಕೂತವರು ಅರ್ಧದಲ್ಲೇ ಎದ್ದು ಹೋಗುತ್ತಾರೆ.

ತಂಡದ ಅಧಿಕೃತ ತಾಣದ ಪಟ್ಟಿಯಿಂದ ಪ್ರತಿಯೊಬ್ಬರ ಅಂಗಿ ಸಂಖ್ಯೆ, ಜಾಗ, ಎತ್ತರ, ಎಷ್ಟನೇ ವರ್ಷ, ಹಿಂದಿನ ಕಾಲೇಜು ಬರೆದುಕೊಳ್ಳಿ. ಕೊನೆಯ ಕಾಲಂ ಮುಖ್ಯ: ಕಳೆದ ಋತುವಿನಲ್ಲಿ ಇದೇ ತಂಡಕ್ಕೆ ಪಂದ್ಯಕ್ಕೆ ಸರಾಸರಿ ಎಷ್ಟು ನಿಮಿಷ ಆಡಿದ್ದ?

ಐವರು, 40 ನಿಮಿಷ. ಒಂದು ಪಂದ್ಯಕ್ಕೆ ಒಟ್ಟು 200 ಆಟಗಾರ-ನಿಮಿಷ. ಮರಳಿ ಬಂದವರ ನಿಮಿಷ ಕೂಡಿಸಿ. 80 ಬಂದರೆ ಶೇ 40. ಅದಕ್ಕಿಂತ ಕಡಿಮೆಯಾದರೆ ಡಿಸೆಂಬರ್ ನಡುವಿನವರೆಗೆ ತಂಡದ ಬಗ್ಗೆ ತೀರ್ಪು ಕೊಡಬೇಡಿ. ಹೊಸಬರು ಒಬ್ಬರಿಗೊಬ್ಬರು ಒಗ್ಗಲು, ಅದರಲ್ಲೂ ರಕ್ಷಣೆಯಲ್ಲಿ ಯಾರು ಯಾರ ಹಿಂದೆ ಹೋಗಬೇಕೆಂದು ಕೂಗಿ ಹೇಳಿಕೊಳ್ಳುವುದನ್ನು ಕಲಿಯಲು ಅಷ್ಟು ಸಮಯ ಬೇಕು. ಶೇ 60 ದಾಟಿದ ತಂಡ ನವೆಂಬರ್‌ನಲ್ಲೇ ಎಡವಿದರೆ ಮಾತ್ರ ಚಿಂತಿಸಿ.

## ಹಂತ 3: ಗಡಿಯಾರ ಸರಿಮಾಡಿಕೊಳ್ಳಿ

ಋತು ಶುರುವಾಗುವುದು ನವೆಂಬರ್ ಮೊದಲ ವಾರದಲ್ಲಿ. ಅಷ್ಟರಲ್ಲಿ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿದಿರುತ್ತದೆ. ಡೇಟನ್ ಪೂರ್ವ ವಲಯದ ಊರು, ಅಲ್ಲಿಂದ ನಮಗೆ 10 ಗಂಟೆ 30 ನಿಮಿಷದ ಅಂತರ.

- ಅಲ್ಲಿ ಮಂಗಳವಾರ ಸಂಜೆ 7, ಇಲ್ಲಿ ಬುಧವಾರ ಬೆಳಗಿನ 5:30.
- ಅಲ್ಲಿ ಮಂಗಳವಾರ ರಾತ್ರಿ 9, ಇಲ್ಲಿ ಬುಧವಾರ ಬೆಳಗ್ಗೆ 7:30.
- ಅಲ್ಲಿ ಶನಿವಾರ ಮಧ್ಯಾಹ್ನ 2, ಇಲ್ಲಿ ಶನಿವಾರ ರಾತ್ರಿ ಕಳೆದು 12:30.

ಬೆಂಗಳೂರು, ಮೈಸೂರಿನಿಂದ ನೋಡುವವರಿಗೆ ವಾರದ ನಡುವಿನ ಪಂದ್ಯ ಫಿಲ್ಟರ್ ಕಾಫಿಯ ಹೊತ್ತಿಗೆ ಸರಿಹೋಗುತ್ತದೆ. ನಿಜವಾಗಿ ಕಷ್ಟ ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ: ಅವರಿಗೆ ಸಂಜೆ 4, ಸರಿಯಾಗಿ ಆಫೀಸ್ ಮೀಟಿಂಗ್ ಹೊತ್ತು.

ಪ್ರತಿ ವರ್ಷ ಜನ ಎಡವುವ ಜಾಗ ಒಂದಿದೆ. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿ ಅಂತರ 9 ಗಂಟೆ 30 ನಿಮಿಷವಾಗುತ್ತದೆ. ಎ-10 ಟೂರ್ನಿ ಬರುವುದು ಅದರ ಬೆನ್ನಿಗೇ. ಚಳಿಗಾಲವಿಡೀ 5:30ಕ್ಕೆ ಎದ್ದು ಅಭ್ಯಾಸವಾದವರು ಅಂದೂ 5:30ಕ್ಕೆ ಎದ್ದರೆ ಮೊದಲಾರ್ಧ ಮುಗಿದಿರುತ್ತದೆ. ಕ್ಯಾಲೆಂಡರ್‌ಗೆ ಪಂದ್ಯ ಸೇರಿಸುವಾಗ ಭಾರತದ ಸಮಯ ಲೆಕ್ಕ ಹಾಕಿ ಬರೆಯಬೇಡಿ. ನ್ಯೂಯಾರ್ಕ್ ವಲಯ ಆರಿಸಿ ಅಲ್ಲಿನ ಸಮಯವನ್ನೇ ಹಾಕಿ. ಉಳಿದದ್ದು ಫೋನ್ ನೋಡಿಕೊಳ್ಳುತ್ತದೆ.

## ಹಂತ 4: ನವೆಂಬರ್-ಡಿಸೆಂಬರ್, ಅಸಲಿ ಪರೀಕ್ಷೆ

ಲೀಗ್ ಪಂದ್ಯಗಳಿಗೆ ಮುಂಚೆ ಹೊರಗಿನ ತಂಡಗಳೊಂದಿಗೆ ಹನ್ನೆರಡು ಹದಿಮೂರು ಪಂದ್ಯ ಇರುತ್ತವೆ. ಅವುಗಳ ಬೆಲೆ ಕಟ್ಟುವುದು ನೆಟ್ ಎಂಬ ಶ್ರೇಯಾಂಕ. 2018-19ರಿಂದ ಎನ್‌ಸಿಎಎ ಇದನ್ನೇ ಬಳಸುತ್ತಿದೆ. ಐಪಿಎಲ್‌ನ ನೆಟ್ ರನ್‌ರೇಟ್‌ಗೂ ಇದಕ್ಕೂ ಸಂಬಂಧವಿಲ್ಲ. ಹೆಸರು ಕೇಳಿ ಮೋಸಹೋಗಬೇಡಿ. ಇಲ್ಲಿ ಎದುರಾಳಿ ಎಷ್ಟು ಗಟ್ಟಿ, ಪಂದ್ಯ ಎಲ್ಲಿ ನಡೆಯಿತು ಎರಡೂ ಲೆಕ್ಕಕ್ಕೆ ಬರುತ್ತವೆ. ಸಮಿತಿ ಪ್ರತಿ ಪಂದ್ಯವನ್ನು ಎದುರಾಳಿಯ ನೆಟ್ ಸ್ಥಾನ ನೋಡಿ ನಾಲ್ಕು ಕ್ವಾಡ್‌ಗಳಲ್ಲಿ ಒಂದಕ್ಕೆ ಹಾಕುತ್ತದೆ:

- ಕ್ವಾಡ್ 1: ತವರಿನಲ್ಲಿ 1-30, ತಟಸ್ಥ ಅಂಗಳದಲ್ಲಿ 1-50, ಎದುರಾಳಿಯ ಊರಿನಲ್ಲಿ 1-75.
- ಕ್ವಾಡ್ 2: ತವರು 31-75, ತಟಸ್ಥ 51-100, ಹೊರಗೆ 76-135.
- ಕ್ವಾಡ್ 3: ತವರು 76-160, ತಟಸ್ಥ 101-200, ಹೊರಗೆ 136-240.
- ಕ್ವಾಡ್ 4: ಅದರ ಕೆಳಗಿನ ಎಲ್ಲ.

ಪಂದ್ಯಗಳ ಹಾಳೆಯಲ್ಲಿ ಪ್ರತಿ ಪಂದ್ಯದ ಮುಂದೆ ಕ್ವಾಡ್ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನಲ್ಲಿ ಬೇಡ. ಎದುರಾಳಿಯ ಸ್ಥಾನ ಮಾರ್ಚ್‌ವರೆಗೂ ಏರಿಳಿಯುತ್ತದೆ, ಅದರ ಜೊತೆ ನಿಮ್ಮ ಗೆಲುವಿನ ಬೆಲೆಯೂ. ತವರಿನಲ್ಲಿ ಸೋಲಿಸಿದ ತಂಡ 30ರಿಂದ 31ಕ್ಕೆ ಜಾರಿದರೆ ಕ್ವಾಡ್ 1ರ ಗೆಲುವು ರಾತ್ರೋರಾತ್ರಿ ಕ್ವಾಡ್ 2 ಆಗುತ್ತದೆ. ಹೀಗಾಗಿಯೇ ಪಳಗಿದ ಅಭಿಮಾನಿಗಳು ನವೆಂಬರ್‌ನಲ್ಲಿ ಸೋಲಿಸಿದ ತಂಡ ಆಮೇಲೆ ಗೆಲ್ಲುತ್ತಿರಲಿ ಎಂದು ಹರಕೆ ಹೊರುತ್ತಾರೆ.

ಹೊಸಬರು ದೊಡ್ಡ ಗೆಲುವುಗಳನ್ನು ಎಣಿಸುತ್ತಾರೆ. ನೀವು ಕೆಟ್ಟ ಸೋಲುಗಳನ್ನು ಎಣಿಸಿ. ಡೇಟನ್‌ನ ಎರಡು ಋತುಗಳನ್ನು ಪಕ್ಕಪಕ್ಕ ಇಟ್ಟರೆ ಕಾರಣ ಕಾಣುತ್ತದೆ.

2021ರ ನವೆಂಬರ್‌ನಲ್ಲಿ ತಂಡ ತವರಿನಲ್ಲೇ ಯುಮಾಸ್ ಲೋವೆಲ್, ಲಿಪ್ಸ್‌ಕಾಂಬ್, ಆಸ್ಟಿನ್ ಪೀ ತಂಡಗಳಿಗೆ ಸೋತಿತು. ಅದೇ ತಿಂಗಳು ಫ್ಲಾರಿಡಾದಲ್ಲಿ ಕಾನ್ಸಸ್ ಅನ್ನು 74-73ರಿಂದ ಸೋಲಿಸಿತು. ಆ ಕಾನ್ಸಸ್ ಮುಂದೆ ರಾಷ್ಟ್ರೀಯ ಚಾಂಪಿಯನ್. ಮಾರ್ಚ್‌ನಲ್ಲಿ ಎ-10 ಸೆಮಿಫೈನಲ್‌ನಲ್ಲಿ ರಿಚ್ಮಂಡ್‌ಗೆ ಸೋತ ಡೇಟನ್, ಆಯ್ಕೆಯಲ್ಲಿ ಹೊರಗುಳಿದವರ ಸಾಲಿನ ಮೊದಲ ತಂಡವಾಯಿತು. ಒಂದೇ ಒಂದು ಜಾಗದ ಅಂತರ. ಚಾಂಪಿಯನ್ನರನ್ನು ಸೋಲಿಸಿದ ಗೆಲುವಿನಿಂದಲೂ ಆ ಮೂರು ಸೋಲುಗಳನ್ನು ತೊಳೆಯಲಾಗಲಿಲ್ಲ.

2023-24ರಲ್ಲಿ ಲೀಗ್‌ಗೆ ಮುಂಚೆ ಸೋತದ್ದು ನಾರ್ತ್‌ವೆಸ್ಟರ್ನ್ ಮತ್ತು ಹ್ಯೂಸ್ಟನ್‌ಗೆ ಮಾತ್ರ, ಎರಡೂ ತವರಿನ ಹೊರಗೆ. ಆ ವರ್ಷ ಎ-10 ಟೂರ್ನಿಯಲ್ಲಿ ಕ್ವಾರ್ಟರ್‌ಫೈನಲ್‌ನಲ್ಲೇ ಡುಕೇನ್‌ಗೆ ಸೋತರೂ ಎನ್‌ಸಿಎಎ ಟೂರ್ನಿಯಲ್ಲಿ 7ನೇ ಶ್ರೇಯಾಂಕ ಸಿಕ್ಕಿತು. ಲೀಗ್ ಟೂರ್ನಿಯಲ್ಲಿ 2022ಕ್ಕಿಂತ ಬೇಗ ಸೋತರೂ ಒಳಗೆ.

ಎಚ್ಚರಿಕೆಯ ಗುರುತುಗಳು: ಕ್ರಿಸ್‌ಮಸ್ ಹೊತ್ತಿಗೆ ತವರಿನಲ್ಲಿ ಕ್ವಾಡ್ 3 ಅಥವಾ 4ರ ಎರಡು ಸೋಲು, ಕ್ವಾಡ್ 1ರಲ್ಲಿ ಒಂದೂ ಗೆಲುವಿಲ್ಲ, ದುರ್ಬಲ ತಂಡಗಳನ್ನು ಮೂರು ನಾಲ್ಕು ಅಂಕದಿಂದಷ್ಟೇ ಗೆಲ್ಲುವುದು. ಮೂರನೆಯದನ್ನು "ಗೆದ್ದರಲ್ಲ, ಬಿಡಿ" ಎಂದು ತಳ್ಳಿಹಾಕಬೇಡಿ. ನೆಟ್ ಲೆಕ್ಕದಲ್ಲಿ ದಕ್ಷತೆ, ಅಂದರೆ ಚೆಂಡು ಸಿಕ್ಕ ಪ್ರತಿ ಸರದಿಗೆ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕ, ಸೇರಿರುವುದರಿಂದ ಗೆಲುವಿನ ಅಂತರ ಪರೋಕ್ಷವಾಗಿ ಎಣಿಕೆಗೆ ಬರುತ್ತದೆ.

## ಹಂತ 5: ಪಂದ್ಯ ನೋಡುವ ಕ್ರಮ

ಕರ್ನಾಟಕದ ಶಾಲೆ, ಕ್ಲಬ್‌ಗಳಲ್ಲಿ ಆಡಿದವರಿಗೆ ಗೊತ್ತಿರುವುದು 10 ನಿಮಿಷದ ನಾಲ್ಕು ಕ್ವಾರ್ಟರ್, 24 ಸೆಕೆಂಡಿನ ಶಾಟ್ ಕ್ಲಾಕ್ (ಅಷ್ಟರೊಳಗೆ ಶಾಟ್ ಹೊಡೆಯಬೇಕು). ಅಮೆರಿಕದ ಕಾಲೇಜು ಆಟದಲ್ಲಿ ಪುರುಷರಿಗೆ 20 ನಿಮಿಷದ ಎರಡು ಅರ್ಧ, 30 ಸೆಕೆಂಡ್. ಮಹಿಳೆಯರ ಕಾಲೇಜು ಪಂದ್ಯ ಮಾತ್ರ ನಾಲ್ಕು ಕ್ವಾರ್ಟರ್. ಪುರುಷರ ಪಂದ್ಯದಲ್ಲಿ ಒಂದು ಅರ್ಧದಲ್ಲಿ ತಂಡದ ಏಳನೇ ಫೌಲ್‌ನಿಂದ ಎದುರಾಳಿಗೆ ಫ್ರೀ ಥ್ರೋ. ಮೊದಲನೆಯದು ಬಿದ್ದರಷ್ಟೇ ಎರಡನೆಯದು. ಹತ್ತನೇ ಫೌಲ್‌ನಿಂದ ಎರಡೂ ಖಾತ್ರಿ. ಹಿಂದೆ ಬಿದ್ದ ತಂಡ ಕೊನೆಯಲ್ಲಿ ಬೇಕೆಂದೇ ಫೌಲ್ ಮಾಡುವುದರಿಂದ ಗಡಿಯಾರದ ಎರಡು ನಿಮಿಷ ಹದಿನೈದು ನಿಮಿಷ ಹಿಡಿಯಬಹುದು.

ಬರೇ ಚೆಂಡಿನ ಹಿಂದೆ ಕಣ್ಣೋಡಿಸಿದರೆ ಏನೂ ತಿಳಿಯುವುದಿಲ್ಲ. ಪ್ರತಿ ಅರ್ಧದಲ್ಲಿ 16, 12, 8, 4 ನಿಮಿಷ ಉಳಿದ ಬಳಿಕ ಆಟ ನಿಂತಾಗ ಟೀವಿ ವಿರಾಮ ಬರುತ್ತದೆ. ಪ್ರತಿ ವಿರಾಮದಲ್ಲಿ ಸ್ಕೋರ್, ಯಾರಿಗೆ ಎಷ್ಟು ಫೌಲ್, ಟರ್ನೋವರ್ (ಶಾಟ್ ಹೊಡೆಯದೆಯೇ ಚೆಂಡು ಕಳೆದುಕೊಂಡದ್ದು) ಎಷ್ಟು ಎಂದು ಬರೆಯಿರಿ. ಮುಖ್ಯ ಆಟಗಾರನಿಗೆ ಮೊದಲಾರ್ಧದಲ್ಲೇ ಎರಡು ಫೌಲ್ ಆದರೆ ಕೋಚ್ ಅವನನ್ನು ಕೂರಿಸುತ್ತಾರೋ ಆಡಿಸುತ್ತಾರೋ ಗಮನಿಸಿ. ಐದಾದರೆ ಅವನು ಹೊರಗೆ.

ಪಂದ್ಯ ಮುಗಿದ ಮೇಲೆ ಹತ್ತು ನಿಮಿಷದ ಲೆಕ್ಕ. ಚೆಂಡು ಒಂದು ತಂಡದ ಕೈಯಲ್ಲಿರುವ ಒಂದು ಸರದಿಗೆ ಪೊಸೆಷನ್ ಎನ್ನುತ್ತಾರೆ. ತಪ್ಪಿದ ತಮ್ಮದೇ ಶಾಟನ್ನು ಮತ್ತೆ ಹಿಡಿದರೆ ಅದು ಆಕ್ರಮಣದ ರೀಬೌಂಡ್. ಸೂತ್ರ ಹೀಗೆ:

ಪೊಸೆಷನ್ = ಶಾಟ್ ಪ್ರಯತ್ನ − ಆಕ್ರಮಣದ ರೀಬೌಂಡ್ + ಟರ್ನೋವರ್ + 0.475 × ಫ್ರೀ ಥ್ರೋ ಪ್ರಯತ್ನ

ತಂಡ 58 ಪ್ರಯತ್ನದಲ್ಲಿ 27 ಶಾಟ್ ಹಾಕಿತು, ಅವುಗಳಲ್ಲಿ 9 ಮೂರಂಕದವು. 18 ಫ್ರೀ ಥ್ರೋಗಳಲ್ಲಿ 12 ಬಿದ್ದವು. ಆಕ್ರಮಣದ ರೀಬೌಂಡ್ 9, ಟರ್ನೋವರ್ 11 ಎಂದುಕೊಳ್ಳಿ. ಅಂಕ 75. ಪೊಸೆಷನ್: 58 − 9 + 11 + 8.55 = 68.55. ನೂರು ಪೊಸೆಷನ್‌ಗೆ ಅಂಕ: 75 ÷ 68.55 × 100 = 109.4. ಒಳ್ಳೆಯ ರಾತ್ರಿ. 95ರ ಕೆಳಗೆ ಹೋದರೆ ಆಕ್ರಮಣ ಕೆಟ್ಟಿದೆ ಎಂದರ್ಥ. ಎದುರಾಳಿಗೂ ಇದೇ ಲೆಕ್ಕ ಹಾಕಿ. ಅದು ನಿಮ್ಮವರ ರಕ್ಷಣೆಯ ಅಂಕಪಟ್ಟಿ. ನಿಧಾನಗತಿಯ ತಂಡ 62 ಅಂಕ ಗಳಿಸಿದ್ದನ್ನು ನೋಡಿ 'ಆಕ್ರಮಣವೇ ಇಲ್ಲ' ಎನ್ನುವ ತಪ್ಪು ಈ ಒಂದು ಲೆಕ್ಕದಿಂದ ತಪ್ಪುತ್ತದೆ.

ಶೂಟಿಂಗ್‌ಗೆ ಪರಿಣಾಮಕಾರಿ ಪ್ರಮಾಣ ನೋಡಿ: ಬಿದ್ದ ಶಾಟ್‌ಗಳಿಗೆ ಮೂರಂಕದ ಶಾಟ್‌ಗಳ ಅರ್ಧ ಸೇರಿಸಿ ಪ್ರಯತ್ನದಿಂದ ಭಾಗಿಸಬೇಕು. ಇಲ್ಲಿ 31.5 ÷ 58, ಅಂದರೆ ಶೇ 54.3.

ಯಾವುದಕ್ಕೆ ಗಾಬರಿಯಾಗಬೇಕು, ಯಾವುದಕ್ಕೆ ಬೇಡ? ಒಂದು ರಾತ್ರಿ ಮೂರಂಕದ 25 ಪ್ರಯತ್ನದಲ್ಲಿ 4 ಬಿದ್ದವೆಂದರೆ ಅದು ಬಹುಮಟ್ಟಿಗೆ ಅದೃಷ್ಟ, ಮರೆತುಬಿಡಿ. ಪೊಸೆಷನ್‌ಗಳಲ್ಲಿ ಶೇ 20ಕ್ಕಿಂತ ಹೆಚ್ಚು ಟರ್ನೋವರ್‌ನಲ್ಲಿ ಮುಗಿಯುತ್ತಿದ್ದರೆ, ಎದುರಾಳಿಯ ತಪ್ಪಿದ ಶಾಟ್‌ಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಎದುರಾಳಿಯೇ ಮತ್ತೆ ಹಿಡಿಯುತ್ತಿದ್ದರೆ, ಅದೂ ಸತತ ಮೂರು ಪಂದ್ಯ, ಅದು ಕಾಯಿಲೆ.

## ಹಂತ 6: ಜನವರಿ-ಫೆಬ್ರವರಿ

ಎ-10ರಲ್ಲಿ ಪ್ರತಿ ತಂಡಕ್ಕೆ 18 ಲೀಗ್ ಪಂದ್ಯ. ಇಲ್ಲಿ ನೋಡಬೇಕಾದ್ದು ಅಂಕಪಟ್ಟಿಯ ಮೊದಲ ನಾಲ್ಕು ಸ್ಥಾನ. ಆ ನಾಲ್ವರಿಗೆ ಲೀಗ್ ಟೂರ್ನಿಯಲ್ಲಿ ಎರಡು ಸುತ್ತಿನ ವಿನಾಯಿತಿ, ಮೂರು ಗೆದ್ದರೆ ಕಪ್. ಐದನೆಯವರು ನಾಲ್ಕೈದು ದಿನದಲ್ಲಿ ನಾಲ್ಕು ಗೆಲ್ಲಬೇಕು. ಆಗುವುದೇ ಇಲ್ಲ ಎಂದಲ್ಲ: 2022ರಲ್ಲಿ ರಿಚ್ಮಂಡ್, 2024ರಲ್ಲಿ ಡುಕೇನ್, ಇಬ್ಬರೂ 6ನೇ ಶ್ರೇಯಾಂಕದಿಂದ ಕಪ್ ಎತ್ತಿದರು. ನಿಮ್ಮ ತಂಡಕ್ಕೆ ಅದರ ಮೇಲೆ ಪಣ ಕಟ್ಟಬೇಡಿ.

ಹೊರ ಊರಿನ ಸೋಲುಗಳಿಗೆ ಅತಿಯಾಗಿ ಕುಗ್ಗಬೇಡಿ. ಲೀಗ್‌ನಲ್ಲಿ ತವರು ತಂಡದ ಬಲ ದೊಡ್ಡದು. ತವರಿನಲ್ಲಿ ಗೆದ್ದು ಹೊರಗೆ ಅರ್ಧಕ್ಕರ್ಧ ಗೆದ್ದರೆ ಮೊದಲ ನಾಲ್ಕರೊಳಗೆ ನಿಲ್ಲಬಹುದು.

## ಹಂತ 7: ಅಂಗಳಕ್ಕೆ ಹೋಗುವುದಾದರೆ

ಓಹಾಯೋ ಸುತ್ತಮುತ್ತ ಇರುವವರು ವರ್ಷಕ್ಕೆ ಒಂದಾದರೂ ಪಂದ್ಯ ಡೇಟನ್‌ನ ತವರು ಅಂಗಳ ಯುಡಿ ಅರೀನಾದಲ್ಲಿ ನೋಡಬೇಕು. ಅಂತರರಾಜ್ಯ ಹೆದ್ದಾರಿ 75ರ ಪಕ್ಕದಲ್ಲೇ ಇದೆ. ಚಳಿಗಾಲದ ರಜೆಯ ಡಿಸೆಂಬರ್ ಪಂದ್ಯಗಳಿಗೆ ಟಿಕೆಟ್ ಸುಲಭ. ಲೀಗ್‌ನ ಶನಿವಾರದ ಪಂದ್ಯಗಳಿಗೆ ಮೊದಲೇ ಕೊಳ್ಳಿ. ಆಟ ಶುರುವಾಗುವ 45 ನಿಮಿಷ ಮುಂಚೆ ಒಳಗಿದ್ದರೆ ಆಟಗಾರರ ಅಭ್ಯಾಸ ಕಾಣುತ್ತದೆ. ಯಾರ ಕಾಲಿಗೆ ಪಟ್ಟಿ ಕಟ್ಟಿದೆ ಎಂಬುದು ಟೀವಿಗಿಂತ ಮೊದಲು ಗೊತ್ತಾಗುವುದು ಅಲ್ಲೇ. ಕೆಂಪು ಅಂಗಿ ತೊಡಿ. ಬ್ಯಾಗ್ ನಿಯಮವನ್ನು ಅಂದೇ ತಾಣದಲ್ಲಿ ನೋಡಿಕೊಳ್ಳಿ, ಇಲ್ಲದಿದ್ದರೆ ಚಳಿಯಲ್ಲಿ ಕಾರಿನವರೆಗೆ ವಾಪಸ್ ನಡೆಯಬೇಕಾದೀತು.

ಎನ್‌ಸಿಎಎ ಟೂರ್ನಿಯ ಆರಂಭದ 'ಫಸ್ಟ್ ಫೋರ್' ನಡೆಯುವುದೂ ಇಲ್ಲೇ, ಮಂಗಳವಾರ, ಬುಧವಾರ ರಾತ್ರಿ ಎರಡೆರಡು ಪಂದ್ಯ.

## ಹಂತ 8: ಮಾರ್ಚ್‌ನ ವಾರ

ಎ-10 ಟೂರ್ನಿ ನಡೆಯುವ ಊರು ಬದಲಾಗುತ್ತದೆ. 2024ರಲ್ಲಿ ಬ್ರೂಕ್ಲಿನ್, 2025ರಲ್ಲಿ ವಾಷಿಂಗ್ಟನ್. ಕ್ವಾರ್ಟರ್‌ಫೈನಲ್ ದಿನ ಮೊದಲ ಪಂದ್ಯ ಅಲ್ಲಿ ಬೆಳಗ್ಗೆ 11:30ರ ಸುಮಾರಿಗೆ ಶುರುವಾದರೆ ಇಲ್ಲಿ ರಾತ್ರಿ 9. ಊಟ ಮುಗಿಸಿ ಕೂರಬಹುದಾದ ಅಪರೂಪದ ದಿನ.

ಈ ವಾರ ಬೇರೆ ಲೀಗ್‌ಗಳನ್ನೂ ನೋಡಬೇಕು. ಹೇಗೂ ಆಯ್ಕೆಯಾಗಲಿದ್ದ ತಂಡ ತನ್ನ ಲೀಗ್ ಗೆದ್ದರೆ ಯಾರಿಗೂ ನಷ್ಟವಿಲ್ಲ. ಲೆಕ್ಕದಲ್ಲೇ ಇಲ್ಲದ ತಂಡ ಕಪ್ ಎತ್ತಿದರೆ ಸಮಿತಿಯ ಕೈಯಲ್ಲಿರುವ ಒಂದು ಜಾಗ ಹೋಯಿತು. 2022ರಲ್ಲಿ ಡೇಟನ್‌ನ ಜಾಗ ಹೋದದ್ದು ಹೀಗೆಯೇ: ಸೆಮಿಫೈನಲ್‌ನಲ್ಲಿ ಸೋಲಿಸಿದ ರಿಚ್ಮಂಡೇ ಮರುದಿನ ಡೇವಿಡ್ಸನ್ ಅನ್ನು ಸೋಲಿಸಿ ನೇರ ಪ್ರವೇಶ ಪಡೆಯಿತು. ನಿಮ್ಮ ತಂಡ ಅಂಚಿನಲ್ಲಿದ್ದರೆ, ಎಲ್ಲ ಲೀಗ್‌ಗಳಲ್ಲೂ ಬಲಿಷ್ಠರಿಗೇ ಜೈ ಅನ್ನಿ. ಬಡವರ ಪರ ಕೂಗುವ ಚಪಲ ಆ ವಾರಕ್ಕೆ ಬೇಡ.

ಆಯ್ಕೆ ಪ್ರಕಟಣೆ ಭಾನುವಾರ ಸಂಜೆ 6ಕ್ಕೆ, ಇಲ್ಲಿ ಸೋಮವಾರ ನಸುಕಿನ 3:30. ಹೆಸರು ಬರದಿದ್ದರೆ ಎನ್‌ಐಟಿ ಎಂಬ ಬೇರೆ ಟೂರ್ನಿ ಇದೆ. ಮುಂದಿನ ವರ್ಷ ಉಳಿಯಬಹುದಾದ ಕಿರಿಯರು ಹೆಚ್ಚು ನಿಮಿಷ ಆಡುವುದನ್ನು ನೋಡಲು ಅದು ಸಾಕಷ್ಟು ಒಳ್ಳೆಯ ಜಾಗ.

## ಹಂತ 9: ಏಪ್ರಿಲ್, ಪೋರ್ಟಲ್ ತೆರೆದಾಗ

ಋತು ಮುಗಿದ ಬೆನ್ನಿಗೇ ಪೋರ್ಟಲ್ ಗದ್ದಲ. ತೆರೆಯುವ ದಿನ, ಎಷ್ಟು ದಿನ ತೆರೆದಿರುತ್ತದೆ ಎಂಬುದು ಹಲವು ಬಾರಿ ಬದಲಾಗಿದೆ, ಪ್ರತಿ ವರ್ಷ ಹೊಸದಾಗಿ ನೋಡಿ. ಹೆಸರು ಪೋರ್ಟಲ್‌ಗೆ ಹೋದ ಮಾತ್ರಕ್ಕೆ ಆಟಗಾರ ಹೋದ ಎಂದಲ್ಲ, ಕೆಲವರು ಮರಳುತ್ತಾರೆ. ಹಾಳೆಯಲ್ಲಿ ಆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಹೊಸ ಕಾಲೇಜು ಪ್ರಕಟವಾದ ಮೇಲಷ್ಟೇ ಹೊಡೆದುಹಾಕಿ. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ನ್ಯಾಯಾಲಯದ ಒಪ್ಪಂದದ ನಂತರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಆದ್ದರಿಂದ ನಡುಮಟ್ಟದ ತಂಡದಲ್ಲಿ ಮಿಂಚಿದವನನ್ನು ದೊಡ್ಡವರು ಸೆಳೆಯುವುದು ಇನ್ನು ಸಹಜ. ಅವನನ್ನು ದ್ರೋಹಿ ಎನ್ನುವುದು ವ್ಯರ್ಥ.

ಆಟಗಾರರಿಗೆ ನೇರವಾಗಿ ಸಂದೇಶ ಕಳಿಸಬೇಡಿ, ಹೊಗಳಲೂ ಬೇಡ, ಬೈಯಲಂತೂ ಬೇಡವೇ ಬೇಡ. ಓಹಾಯೋದಲ್ಲಿ 2023ರ ಜನವರಿ 1ರಿಂದ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧವಾಯಿತು. ಅದೇ ತಿಂಗಳು, ಹಣ ಕಳೆದುಕೊಂಡವರು ಹುಡುಗರಿಗೆ ಕಳಿಸುತ್ತಿದ್ದ ನಿಂದನೆಯ ಬಗ್ಗೆ ಡೇಟನ್ ಕೋಚ್ ಆಂಥನಿ ಗ್ರಾಂಟ್ ಬಹಿರಂಗವಾಗಿ ಮಾತನಾಡಬೇಕಾಯಿತು. ಅವರೆಲ್ಲ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು.

ಮೇ ಕೊನೆಗೆ ಹಳೆಯ ಹಾಳೆಯ ಪಕ್ಕದಲ್ಲಿ ಹೊಸ ಹಾಳೆ ತೆರೆದು, ಉಳಿದವರ ನಿಮಿಷಗಳನ್ನು ಮತ್ತೆ 200ರಿಂದ ಭಾಗಿಸಿ ನೋಡಿ. ಜೂನ್‌ವರೆಗೂ ಹೊಸಬರು ಸೇರುತ್ತಿರುತ್ತಾರೆ, ಹಾಗಾಗಿ ಕೊನೆಯ ನಾಲ್ಕೈದು ಸಾಲು ಖಾಲಿ ಬಿಡಿ.